ಒಗ್ಗರಣೆ ಹಾಕಿ ಆರಿಸಿದ ಸ್ಪೀಕರು

ಮೊಮ್ಮಗಳು ಬೆಹಾಲಾದ ತನ್ನ ಬಾಡಿಗೆ ಮನೆಗೆ ಸ್ಟೀರಿಯೊ ತಂದಿದ್ದಾಳೆ. ತಾಸು ಹೊತ್ತು ಹಾಡಿದ ಮೇಲೆ ಆಂಪ್ಲಿಫೈಯರು ಬೆಚ್ಚಗಾಗಿ ಒಂದು ವಾಸನೆ ಬಿಟ್ಟಿತು. ಹೊಸ ವೈರು, ಬೆಸುಗೆಯ ಕಾದ ತವರ, ಚೂರು ರಾಳ... ಮೂಗಿಗೆ ಬಡಿದದ್ದೇ ತಡ, ಕಾಳಿಘಾಟಿನ ಓಣಿಯ ರೇಡಿಯೊ ದಾದಾ ಎದುರು ಬಂದು ಕೂತಂತಾಯಿತು.

ನಾವು ರೈಲ್ವೆ ನೌಕರಿಯ ಬೆನ್ನು ಹತ್ತಿ ಹುಬ್ಬಳ್ಳಿಯಿಂದ ಬಂಗಾಳದ ಈ ಊರಿಗೆ ಬಂದವರು. ಯಜಮಾನರಿಗೆ ಮನೆಯಲ್ಲೊಂದು ಸ್ಟೀರಿಯೊ ಇರಬೇಕೆಂಬ ಹಟ ಹತ್ತಿತ್ತು. ಓಣಿಯವರೆಲ್ಲ ದಾದಾ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಅವರು ರೇಡಿಯೊ ರಿಪೇರಿ ಮಾಡುತ್ತಿದ್ದರು, ಆಂಪ್ಲಿಫೈಯರನ್ನೂ ಕೈಯಾರೆ ಜೋಡಿಸುತ್ತಿದ್ದರು. ಅವರ ಅಂಗಡಿಯಲ್ಲಿ ಎರಡು ಜೋಡಿ ಸ್ಪೀಕರು ಇದ್ದವು. ಒಂದು ನನ್ನ ಸೊಂಟದೆತ್ತರ, ಇನ್ನೊಂದು ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಸಣ್ಣದು.

"ದೊಡ್ಡದ ಇರಲಿ. ಕೇಳಿದವರ ಎದಿ ನಡುಗಬೇಕು," ಎಂದರು ಯಜಮಾನರು.

ದಾದಾ ನನ್ನ ಕಡೆ ತಿರುಗಿದರು. "ದಿನವಿಡೀ ಮನೆಯಲ್ಲಿರೋರು ನೀವು, ಬೌದಿ. ನೀವು ಹೇಳಿ." ಬಂಗಾಳಿಗಳು ಅತ್ತಿಗೆಯನ್ನು ಕರೆಯುವುದು ಹಾಗೆ. ಅವರದು ಬಂಗಾಳಿ, ನನ್ನದು ಮುರುಕು ಹಿಂದಿ. ಮಾತು ಹೇಗೋ ದಾಟುತ್ತಿತ್ತು.

ನನಗೆ ನಾಚಿಕೆ. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಲಗ್ನವಾದಾಗಿನಿಂದ ಮನೆಗೆ ಬಂದ ಯಾವ ಸಾಮಾನನ್ನೂ ನನ್ನನ್ನು ಕೇಳಿ ತಂದದ್ದಿಲ್ಲ. "ನನಗೇನ ತಿಳೀತೈತ್ರಿ ದಾದಾ, ಹಾಡಂದ್ರ ಹಾಡು," ಅಂದೆ.

"ಹಾಡು ಬಿಡಿ. ನಿಮಗೆ ಗೊತ್ತಿರೋ ಸದ್ದನ್ನೇ ಕೇಳಿಸ್ತೀನಿ."

ಮರುದಿನ ಬೆಳಿಗ್ಗೆ ಟೇಪ್ ರೆಕಾರ್ಡರ್ ಹಿಡಿದು ನಮ್ಮ ಅಡಿಗೆಮನೆಗೇ ಬಂದು, ಒಗ್ಗರಣೆ ಹಾಕಿ ಎಂದರು. ಸಾಸಿವೆ ಸಿಡಿದದ್ದು, ಕರಿಬೇವು ಚುರ್ ಎಂದದ್ದು, ನನ್ನ ಬಳೆ ಸದ್ದು, ಮೆಣಸಿನಕಾಯಿ ಘಾಟಿಗೆ ದಾದಾ ಮೂರು ಸಲ ಸೀನಿದ್ದು, "ಈ ಮನಷ್ಯಾಗ ಹುಚ್ಚ ಹಿಡದೈತೇನು" ಎಂದು ಯಜಮಾನರು ಕನ್ನಡದಲ್ಲಿ ಗೊಣಗಿದ್ದು... ಎಲ್ಲ ಕ್ಯಾಸೆಟ್ಟಿಗೆ ಇಳಿಯಿತು.

ಸಂಜೆ ಅಂಗಡಿಯಲ್ಲಿ ನನ್ನನ್ನು ನಡುವೆ ಕೂರಿಸಿ ಕಣ್ಣು ಮುಚ್ಚಿಸಿದರು. ದೊಡ್ಡ ಸ್ಪೀಕರಿನಲ್ಲಿ ಸಾಸಿವೆ ಪಟಾಕಿಯಂತೆ ಢಮಢಮ ಎಂದಿತು. ಯಜಮಾನರಿಗೆ ಖುಷಿಯೋ ಖುಷಿ. ಆಮೇಲೆ ಸಣ್ಣದು ಹಚ್ಚಿದರು. ಸಾಸಿವೆ ಸಿಡಿದದ್ದೇ, ಸ್ಟವ್ ಸಣ್ಣ ಮಾಡಲು ನನ್ನ ಕೈ ತಾನಾಗಿ ಮುಂದೆ ಹೋಯಿತು.

ಕಣ್ಣು ಬಿಟ್ಟರೆ ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು. ಯಜಮಾನರು ಹುಬ್ಬು ಗಂಟಿಕ್ಕಿದ್ದರು. ಬೇರೆ ದಿನವಾಗಿದ್ದರೆ, ನಿಮ್ಮ ಮನಸ್ಸಿಗೆ ಬಂದದ್ದೇ ತಗೊಳ್ಳಿ ಎನ್ನುತ್ತಿದ್ದೆ. ಅವತ್ತು ಬಾಯಿಂದ ಬಂದದ್ದೇ ಬೇರೆ.

"ಸಣ್ಣದ ಬೇಕ್ರಿ ನನಗ."

ಯಜಮಾನರು ನಕ್ಕೇಬಿಟ್ಟರು. "ಆತು ಬಿಡ. ಒಗ್ಗರಣಿ ಮುಂದ ನಂದೇನ ನಡೀತೈತಿ."

ದಾದಾ ಆ ಸಣ್ಣ ಜೋಡಿಗೆ ಹೊಂದುವಷ್ಟೇ ಬಲದ ಆಂಪ್ಲಿಫೈಯರು ಜೋಡಿಸಿ ತಂದುಕೊಟ್ಟರು. ಅಂದಿನಿಂದ ನಮ್ಮನೆಗೆ ನನ್ನನ್ನು ಕೇಳದೆ ಒಂದು ಕುಕ್ಕರೂ ಬರಲಿಲ್ಲ.

ಹೋದ ವಾರ ಮೊಮ್ಮಗಳು ಈ ಸ್ಟೀರಿಯೊ ಕೊಳ್ಳಲು ಅಂಗಡಿಗೆ ನನ್ನನ್ನೂ ಕರೆದೊಯ್ದಳು. ಕುರ್ಚಿ ಎಳೆದು, "ಅಜ್ಜಿ, ಇಧರ್ ಕೂಡು. ಕೌನ್ಸಾ ಲೇನಾ, ನೀನೇ ಹೇಳು," ಅಂದಳು. ಅರ್ಧ ಕನ್ನಡ, ಅರ್ಧ ಹಿಂದಿ, ನನ್ನ ಬಂಗಾರದ್ದು. ಅಂಗಡಿಯವರು ಕೇಳಿಸಿದ ಸ್ಪೀಕರುಗಳಲ್ಲಿ ಎರಡನೇ ಜೋಡಿ ಅಂದೆ. ಮರುಮಾತಿಲ್ಲದೆ ಅದನ್ನೇ ಕಟ್ಟಿಸಿದಳು. ಎಲ್ಲರ ಮುಂದೆ ಅವಳ ದೃಷ್ಟಿ ತೆಗೆದು ಲಟಿಗೆ ಮುರಿದೆ.

ಯಜಮಾನರು ಹೋದರು. ದಾದಾ ಹೋಗಿಯೂ ಮೂರು ಚಳಿಗಾಲ ಕಳೆದವು. ಆ ಓಣಿಗೆ ಹೋಗಿ, ಮೊಮ್ಮಗಳೂ ನನ್ನನ್ನೇ ಕೇಳಿದಳು ದಾದಾ, ಎಂದು ಹೇಳಿ ಬರುವ ಆಸೆ ಇತ್ತು... ಅಲ್ಲಿ ಯಾರಿಗೆ ಹೇಳಲಿ. ಅಕ್ಷರಕ್ಕೆ ಅಕ್ಷರ ಕೂಡಿಸಿ ಇಲ್ಲಿ ಬರೆದಿದ್ದೇನೆ.