ಸಕ್ಕರೆ ಸುಟ್ಟೆವು, ಸೀರೆಯನ್ನೂ ಸುಟ್ಟೆವು

ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆದರೂ ನನ್ನ ಮೊಮ್ಮಗಳು ವಿಜ್ಞಾನದಲ್ಲಿ ಪಾಸಾದದ್ದರಲ್ಲಿ ಅರ್ಧ ಪಾಲು ನನ್ನದೇ ಎಂದು ಬೆಟಗೇರಿಯ ಓಣಿ ತುಂಬ ಸಾರಿಕೊಂಡು ಬಂದಿದ್ದೇನೆ. ಈಗ ಬರೆದೂ ಇಡುತ್ತೇನೆ, ಯಾರಿಗಾದರೂ ಅನುಮಾನವಿದ್ದರೆ ಓದಿಕೊಳ್ಳಲಿ.

ಗದಗ ಬೇರೆ ಜಿಲ್ಲೆಯಾದ ಹೊಸತು. ಹುಡುಗಿ ಹತ್ತನೆಯ ತರಗತಿಯಲ್ಲಿ ವಿಜ್ಞಾನವೊಂದರಲ್ಲೇ ನಪಾಸಾಗಿದ್ದಳು. ಅವಳಪ್ಪ, ಅಂದರೆ ನನ್ನ ಮಗ, "ಇನ್ನೊಂದ್ಸಲ ಬರಿ. ಆಗ್ಲಿಲ್ಲಂದ್ರ ಕಾಲೇಜು ಮರ್ತು ಮಗ್ಗಕ್ಕ ಕುಂಡ್ರು" ಎಂದುಬಿಟ್ಟ. ಅವಳಿಗೋ ಕಾಲೇಜಿನದೇ ಕನವರಿಕೆ. "ಸಾವಯವ, ನಿರವಯವ" ಎಂದು ಜಪ ಮಾಡುತ್ತಿದ್ದಳು. ಯಾವುದು ಯಾವುದೆಂದು ಕೇಳಿದರೆ ಅಳು.

"ಸಾವಯವ ಅಂದ್ರ ಏನಬೇ ಅದು?"

"ಅದ್ರಾಗ ಇಂಗಾಲ ಇರತೈತಿ ಆಯಿ. ಹೆಚ್ಚಿನವು ಸುಟ್ರ ಕರ್ರಗಾಗ್ತಾವು."

"ಮತ್ತ ಅಳೂದ್ಯಾಕ? ಸುಟ್ಟು ನೋಡು!"

ನಾವು ನೇಕಾರರು. ವ್ಯಾಪಾರಿ ರೇಷ್ಮೆ ಎಂದರೆ ನಂಬುವುದಿಲ್ಲ, ಒಂದೆಳೆ ಕಿತ್ತು ದೀಪಕ್ಕೆ ಹಿಡಿಯುತ್ತೇವೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದದ ವಾಸನೆ ಬಂದರೆ ಹತ್ತಿ. ಅವನ ನಾಲಿಗೆಗಿಂತ ನಮ್ಮ ಮೂಗು ಖರೆ.

ಒಲೆ ಹೊತ್ತಿಸಿದೆವು. ಸಕ್ಕರೆ ಕರಗಿ, ಉಬ್ಬಿ, ಕರ್ರಗೆ ಇದ್ದಿಲಾಯಿತು. ಉಪ್ಪು ಚಟಪಟನೆ ಬೈದು ಬೆಳ್ಳಗೇ ಕೂತಿತು. ನನ್ನ ಗಂಡನ ವಿಭೂತಿಯನ್ನೂ ಒಂದು ಚೂರು ಮುರಿದು ಹಾಕಿದೆ.

"ಏ, ದೇವರದದು!" ಎಂದು ಕೂಗಿದರು.

"ಸುಟ್ಟಿದ್ದನ್ನ ಮತ್ತೇನ್ ಸುಡೂದ್ರಿ? ನಿಮ್ಮ ಹಣಿ ಮ್ಯಾಲಿರೂದು ನಿರವಯವ."

ಅಡುಗೆ ಸೋಡಾ ಕೂಡ ಕಪ್ಪಾಗಲಿಲ್ಲ. ಹುಡುಗಿ ಪುಸ್ತಕ ತಿರುವಿ, "ಆಯಿ, ಇದ್ರಾಗ ಇಂಗಾಲ ಐತಿ! ಆದ್ರೂ ನಿರವಯವದಾಗ ಸೇರ್ಸ್ಯಾರ" ಎಂದಳು.

"ನಿಮ್ಮಜ್ಜ ಇದ್ದಂಗ ತಗೋ. ನೇಕಾರ್ರ ಮನ್ಯಾಗ ಹುಟ್ಟ್ಯಾರ, ಕಡದ ಎಳಿ ಗಂಟ್ ಹಾಕಾಕ ಬರೂದಿಲ್ಲ."

ಹುಡುಗಿ ನಕ್ಕು ನಕ್ಕು ಸಾಕಾದಳು. ಸೋಡಾವನ್ನು ಮತ್ತೆ ಮರೆಯಲಿಲ್ಲ.

ನನಗೂ ಹುಮ್ಮಸ್ಸು ಏರಿತ್ತು. ರೇಷ್ಮೆ ಸುಟ್ಟು ತೋರಿಸುತ್ತೇನೆಂದು ಟ್ರಂಕಿನಿಂದ ನನ್ನ ಸೀರೆ ತೆಗೆದೆ. ಗಂಡ ಲಕ್ಷ್ಮೇಶ್ವರದಿಂದ ತಂದುಕೊಟ್ಟದ್ದು, ಇಪ್ಪತ್ತು ವರ್ಷ ಹಬ್ಬಕ್ಕೆ ಉಟ್ಟದ್ದು. ಕೊಂಡ ನೂಲನ್ನೆಲ್ಲ ಸುಟ್ಟು ನೋಡುವ ನಾವು ಗಂಡ ತಂದದ್ದನ್ನು ಮಾತ್ರ ಸುಡುವುದಿಲ್ಲ. ಸೆರಗಿನ ಎಳೆಯೊಂದನ್ನು ಉರಿಗೆ ಹಿಡಿದೆ. ಕೂದಲ ವಾಸನೆ ಬರಲಿಲ್ಲ. ಎಳೆ ಮುದುಡಿ, ಕರಗಿ, ಪಾಲಿಯೆಸ್ಟರಿನಂತೆ ಗಟ್ಟಿ ಕಪ್ಪು ಮಣಿಯಾಯಿತು.

"ಇದು ರೇಷ್ಮೀನ್ರೀ?"

ಗಂಡ ಮೇಲಿನ ತೊಲೆ ಎಣಿಸತೊಡಗಿದರು.

"ಆಯಿ, ಅಜ್ಜಗ ಬಯ್ಯಬ್ಯಾಡ," ಎಂದಳು ಮೊಮ್ಮಗಳು. "ರೇಷ್ಮಿನೂ ಸಾವಯವ, ಇದೂ ಸಾವಯವ. ಎರಡ್ರಾಗೂ ಇಂಗಾಲ ಐತಿ."

ಪುಸ್ತಕ ಮುಚ್ಚಿತ್ತು. ಹುಡುಗಿ ತಾನೇ ಯೋಚಿಸಿ ಹೇಳಿದ್ದಳು! ನನ್ನ ಸಿಟ್ಟು ಅಲ್ಲೇ ಕರಗಿಹೋಯಿತು. "ಬದುಕಿದೆ" ಎಂದರು ಗಂಡ.

ಫಲಿತಾಂಶ ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿ, "ಸಾವಯವ ಐತಿ, ತಿನ್ರಿ" ಎಂದೆ. ಕಾಲೇಜಿಗೆ ಹೆಸರು ಹಚ್ಚಲು ಅವಳ ಜೊತೆ ನಾನೂ ಹೋದೆ, ಅದೇ ಸೀರೆ ಉಟ್ಟುಕೊಂಡು. ಸೆರಗಿನ ತುದಿಯ ಸುಟ್ಟ ಎಳೆ ಎಲ್ಲರಿಗೂ ಕಾಣುವಂತೆ ಮುಂದೆ ಹೊದ್ದಿದ್ದೆ.