ಮಲ್ಲಿಯ ಗೊರಸು, ನನ್ನ ಹರಕೆ

ಮೈಲಾರಲಿಂಗನನ್ನು ನಂಬಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇದನ್ನು ಬರೆಯಲು ನನಗೆ ನಾಚಿಕೆ. ಆದರೆ ಅವನು ಮಾಡಿದ ಉಪಕಾರವನ್ನು ಮುಚ್ಚಿಟ್ಟರೆ ಅದು ಇನ್ನೊಂದು ತಪ್ಪಾದೀತು.

ನಾನು ಬನಹಟ್ಟಿಯವನು. ಮದುವೆ ಮೆರವಣಿಗೆಗೆ ಕುದುರೆ ಒಯ್ಯುವುದು ನನ್ನ ಉದ್ಯೋಗ. ಇರುವುದು ಒಂದೇ ಬಿಳಿ ಕುದುರೆ, ಮಲ್ಲಿ. ಮಕ್ಕಳಿಲ್ಲದ ನನಗೂ ನನ್ನ ಹೆಂಡತಿ ಗೌರವ್ವನಿಗೂ ಅವಳೇ ಮಗಳು. ಹೋದ ಶ್ರಾವಣದಲ್ಲಿ ಅವಳು ಮುಂಗಾಲು ಊರಲು ಹೆದರತೊಡಗಿದಳು. ಗೊರಸು ಮುಟ್ಟಿದರೆ ಕಾದ ಹಂಚು. ಜಮಖಂಡಿಯಿಂದ ದನದ ಡಾಕ್ಟರು ಬಂದು ಲಾಳ ತೆಗೆಸಿ ಇಂಜೆಕ್ಷನ್ ಕೊಟ್ಟರು.

"ಕಾಳು, ಬೆಲ್ಲದಿಂದ ಗೊರಸಿನ ಉರಿ ಹೆಚ್ಚಾಗ್ತೈತ್ರಿ, ಪೂರಾ ಬಂದ್ ಮಾಡ್ರಿ. ಜೋಳದ ಒಣಾ ಕಣಕಿ ಅಷ್ಟ ಹಾಕ್ರಿ. ಗೊರಸಿನ ಒಳಗಿನ ಎಲುಬು ಕೆಳಗ ಸರೀತಂದ್ರ ಕುದುರಿ ಮತ್ತ ಏಳೂದಿಲ್ರಿ," ಎಂದರು.

ನಾನು ಹೂಂಗುಟ್ಟಿದೆ. ಅವರು ಬೈಕ್ ಹತ್ತಿದ್ದೇ ತಡ, ಗುಡಿಗೆ ಹೋಗಿ ಹರಕೆ ಹೊತ್ತೆ. ಮೈಲಾರಲಿಂಗ ಕುದುರೆ ಏರುವ ದೇವರು, ಕುದುರೆಯ ನೋವು ಅವನಿಗಲ್ಲದೆ ಯಾರಿಗೆ ಗೊತ್ತು? ಮಲ್ಲಿ ನೆಟ್ಟಗೆ ನಡೆಯುವವರೆಗೆ ದಿನಾ ಮುಂಜಾನೆ ಒಂದು ಬುಟ್ಟಿ ನೆನೆಗಡಲೆ, ಬೆಲ್ಲ ಅವನಿಗೆ ತೋರಿಸಿ, ಹಣೆಗೆ ಭಂಡಾರದ ಅರಿಷಿಣ ಹಚ್ಚಿ ಅವಳಿಗೆ ತಿನ್ನಿಸುತ್ತೇನೆಂದು ಬೇಡಿಕೊಂಡೆ.

ಗೌರವ್ವ ಅಡ್ಡ ನಿಂತಳು. "ಡಾಕ್ಟರು ಏನ್ ಹೇಳ್ಯಾರ? ಕಿವಿ ಇಲ್ಲೇನ್ರಿ ನಿಮಗ?"

"ಅವರು ಹೇಳಿದ್ದು ಮೇವಿನ ಮಾತು. ಪ್ರಸಾದ ಏನ್ ಮೇವೇನು? ಬಾಯಿ ಮುಚ್ಚ ಬೇ!" ಎಂದು ಗದರಿದೆ.

ಇಂಜೆಕ್ಷನ್ ಬಿದ್ದಾಗ ಮಲ್ಲಿ ತುಸು ನಡೆಯುತ್ತಿದ್ದಳು, ಮತ್ತೆ ಕುಂಟುತ್ತಿದ್ದಳು. ಕುಂಟಿದಷ್ಟೂ ನನ್ನ ಭಕ್ತಿ ಕಮ್ಮಿಯಾಯಿತೆಂದು ಬೆಲ್ಲ ಹೆಚ್ಚಿಸಿದೆ. ದಸರಾ ಹೊತ್ತಿಗೆ ಅವಳು ಮಲಗಿದಲ್ಲಿಂದ ಏಳಲಿಲ್ಲ. ಮಲಗಿದಲ್ಲೇ ಬಾಯಿಗಿಟ್ಟೆ. ದೇವರ ಹೆಸರು ಹೇಳುತ್ತ ಇಟ್ಟೆ. ಇನ್ನೊಂದು ವಾರ ನೋಡಿ ಏಳದಿದ್ದರೆ ನೋವಿಲ್ಲದೆ ಮುಗಿಸುವ ಇಂಜೆಕ್ಷನ್ ಕೊಡಬೇಕಾದೀತೆಂದು ಡಾಕ್ಟರು ಹೇಳಿ ಹೋದರು.

ಮರುದಿನವೇ ನನಗೆ ಜ್ವರ. ಟೈಫಾಯಿಡ್ ಎಂದು ಜಮಖಂಡಿಯ ಆಸ್ಪತ್ರೆಯಲ್ಲಿ ಮಲಗಿಸಿದರು. ಮೈಮೇಲೆ ಎಚ್ಚರವಿದ್ದಾಗೆಲ್ಲ ನನ್ನದು ಒಂದೇ ಗೋಳು, ಹರಕೆ ತಪ್ಪಬಾರದು. ಗೌರವ್ವ ಮುಂಜಾನೆಯ ಬಸ್ಸಿಗೆ ಗಂಜಿ ತಂದು, ಮಧ್ಯಾಹ್ನ ಕುದುರೆ ನೋಡಲು ಓಡುತ್ತಿದ್ದಳು. "ಹಾಕಿದೇನ?" ಎಂದರೆ "ಹಾಕೀನ್ರಿ, ಸುಮ್ನ ಮಲ್ಕೋರಿ" ಎನ್ನುತ್ತಿದ್ದಳು.

ಹದಿನೈದು ದಿನದ ಮೇಲೆ ಬಿಡುಗಡೆಯಾಗಿ ಬಸ್ಸಿಳಿದು ಮನೆ ಮುಟ್ಟಿದಾಗ ಮಲ್ಲಿ ಎದ್ದು ನಿಂತಿದ್ದಳು. ನಿಧಾನವಾಗಿ, ಕಾಲೂರುತ್ತ, ನನ್ನ ಕಡೆಗೇ ಬಂದಳು. ನಾನು ಕೈಯೆತ್ತಿ ಸ್ವಾಮಿಯ ಜಯಕಾರ ಹಾಕಿ, "ಏಳು ಕೋಟಿಗೋ! ಹರಕಿ ಫಲಿಸ್ತಲೇ ಗೌರಿ!" ಎಂದು ಕೂಗಿಬಿಟ್ಟೆ.

ಗೌರವ್ವ ನನ್ನ ಮುಖ ನೋಡಲಿಲ್ಲ. "ಖರೆ ಹೇಳ್ತೀನ್ರಿ. ನೀವು ಆಸ್ಪತ್ರಿಗೆ ಹೋದಾಗಿಂದ ಒಂದು ಕಾಳೂ ಹಾಕಿಲ್ಲ. ಬರೇ ಕಣಕಿ, ನೀರು, ಡಾಕ್ಟರ್ ಕೊಟ್ಟ ಔಷಧ. ಪಾಪ ಇದ್ರ ನನಗ ಬರಲಿ."

ನನಗೆ ಮೊದಲು ಸಿಟ್ಟೇ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬಗ್ಗಿ ಮಲ್ಲಿಯ ಗೊರಸು ಮುಟ್ಟಿದೆ, ತಣ್ಣಗಿತ್ತು. ಪಾಪ ಅವಳಿಗೆ ಹೇಗೆ ಬಂದೀತು?

ಗುಡಿಗೆ ಹೋದಾಗ ಪೂಜಾರಪ್ಪನಿಗೆ ಎಲ್ಲ ಹೇಳಿ, "ಮುರಿದ ಹರಕೀಗೆ ಏನ್ ದಂಡ ಕೊಡ್ಲಿರಿ?" ಎಂದು ಕೇಳಿದೆ.

ಅವರು ನಕ್ಕರು. "ಜ್ವರದಾಗ ದಂಡ ಆಗೇ ಹೋತಲ್ಲಪ್ಪ. ಹೆಂಡ್ತಿ ಹೇಳಿದ್ರ ಕೇಳಲಿಲ್ಲ, ಡಾಕ್ಟರ್ ಹೇಳಿದ್ರ ಕೇಳಲಿಲ್ಲ. ನಿನ್ನ ಕೈ ಮತ್ತ ಹ್ಯಾಂಗ ತಡೀಬೇಕು ಆ ಸ್ವಾಮಿ?"

ಮಲ್ಲಿ ಈಗಲೂ ಕಲ್ಲುದಾರಿಯಲ್ಲಿ ತಡೆದು ತಡೆದು ನಡೆಯುತ್ತಾಳೆ. ಮೆರವಣಿಗೆಗೆ ಒಯ್ಯುವುದನ್ನು ಬಿಟ್ಟಿದ್ದೇನೆ. ಭಕ್ತರೇ, ನನ್ನ ಸ್ವಾಮಿ ಬೇಡಿದ್ದನ್ನು ಕೊಟ್ಟ. ಕೊಡಲು ಅವನು ಮೊದಲು ನನ್ನನ್ನೇ ಅವಳ ಹತ್ತಿರದಿಂದ ಎತ್ತಿ ಒಯ್ಯಬೇಕಾಯಿತು.