ಫಾರ್ಮಿನಲ್ಲಿ ಬರೆದ ನೀಲವ್ವ

ಕೊಪ್ಪಳದ ಪಕ್ಕದ ಭಾಗ್ಯನಗರದ ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಅಂದು ಇದ್ದದ್ದು ನಾವು ಆರು ಜನ ಕೆಲಸದವರು, ತರಬೇತಿ ಕೊಡಲು ಬಂದ ಮೇಡಂ, ಹಿಂದಿನ ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕೂತ ಮ್ಯಾನೇಜರ್, ಇಷ್ಟೇ ಮಂದಿ. ಕಣ್ಣು ಕಾಣದ್ದನ್ನು ಕೈ ಬರೆಯುತ್ತದೆ ಎಂದು ಯಾರಾದರೂ ಹೇಳಿದ್ದರೆ ಅಂದಿನ ಬೆಳಿಗ್ಗೆಯವರೆಗೂ ನಾನು ನಕ್ಕುಬಿಡುತ್ತಿದ್ದೆ. ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ.

ವೃದ್ಧರಿಗೆ ಹಿಂಸೆಯಾದರೆ ಯಾರಿಗೆ, ಹೇಗೆ ವರದಿ ಮಾಡಬೇಕು ಎಂಬುದು ಪಾಠ. ಕೊನೆಗೆ ಮೇಡಂ ಒಂದೊಂದು ಫಾರ್ಮು ಕೊಟ್ಟು, ಹೆಸರನ್ನೂ ಘಟನೆಯನ್ನೂ ಕಲ್ಪಿಸಿ ತುಂಬಿರಿ, ಕೈಗೆ ರೂಢಿಯಾಗಲಿ ಎಂದರು. ನಾನು ಯೋಚಿಸದೆ ಬರೆದೆ: ನೀಲವ್ವ. ಎಡ ಮಣಿಕಟ್ಟಿನಲ್ಲಿ ಮಂಚಕ್ಕೆ ಕಟ್ಟಿದ ಗುರುತು. ಮೊಣಕೈ ಕೆಳಗೆ ಬಿಸಿ ಚಹಾ ಬಿದ್ದು ಸುಟ್ಟ ಗಾಯ. ಆ ಹೆಸರಿನವರು ಆಶ್ರಮದಲ್ಲಿರಲಿಲ್ಲ, ನನ್ನ ಬಳಗದಲ್ಲೂ ಇಲ್ಲ.

ನನ್ನದು ಗಂಡಸರ ಕೋಣೆಗಳ ಕೆಲಸ. ಅಂದು ಹೆಂಗಸರ ಕಡೆಯ ಆಯಾ ತರಬೇತಿ ಮುಗಿಸಿ ಮನೆಗೆ ಹೋದಳು, ಅಲ್ಲಿನ ಬಸಮ್ಮಜ್ಜಿಗೆ ಸ್ನಾನಕ್ಕೆ ನೀರೆರೆಯುವ ಕೆಲಸ ನನಗೆ ಬಿತ್ತು. ಕುಪ್ಪಸದ ಉದ್ದ ತೋಳು ಸರಿಸಿದೆ. ಎಡ ಮಣಿಕಟ್ಟಿಗೆ ಕಪ್ಪಗಾದ ಗೆರೆ. ಮೊಣಕೈ ಕೆಳಗೆ ಸುಟ್ಟದ್ದು. "ನೀಲವ್ವಾ" ಎಂದುಬಿಟ್ಟೆ.

ಅಜ್ಜಿ ತಲೆ ಎತ್ತಿದಳು. "ಆ ಹೆಸರು ನಿನಗ್ಯಾರು ಹೇಳಿದ್ರವಾ? ಅದು ನನ್ನ ತವರಮನಿ ಹೆಸರು. ಲಗ್ನದಾಗ ಬದಲಿ ಮಾಡಿ ಬಸಮ್ಮ ಅಂತ ಇಟ್ರು. ಹಂಗ ಕರಿಯೋರು ಎಲ್ಲಾರೂ ಹೋಗ್ಯಾರ."

ಹಗಲು ಎದ್ದು ಓಡಾಡಬಾರದೆಂದು ಆಯಾ ಕೈ ಕಟ್ಟುತ್ತಾಳಂತೆ. ಚಹಾ ಚೆಲ್ಲಿದಾಗ ಸರಿಯಲೂ ಆಗಲಿಲ್ಲವಂತೆ. ಮ್ಯಾನೇಜರಿಗೂ ಗೊತ್ತಂತೆ.

ಫಾರ್ಮು ಹಿಡಿದು ಅವನ ಬಳಿ ಹೋದೆ. ಅವನು ನಕ್ಕ. "ಅಕ್ಕಾರ, ಅದು ಕಲಿಯೋ ಹಾಳಿ. ನೀಲವ್ವ ಅನ್ನಾಕಿ ನಮ್ಮ ರಿಜಿಸ್ಟರ್‌ನಾಗ ಇಲ್ಲ. ಹರದು ಒಗೀರಿ."

ಮೈ ಉರಿದುಹೋಯಿತು. ಬೆಳಿಗ್ಗೆ ಪಾಠಕ್ಕೆ ಆರೂ ಜನ ತಲೆಯಾಡಿಸಿದ್ದೆವು. ಕಟ್ಟುತ್ತಿದ್ದವಳೂ ಆಡಿಸಿದ್ದಳು. ಅದೇ ಫಾರ್ಮಿನಲ್ಲಿ ನೀಲವ್ವನ ಪಕ್ಕ ಬಸಮ್ಮ ಎಂದು ಸೇರಿಸಿ, ಕೊಪ್ಪಳದ ಹಿರಿಯ ನಾಗರಿಕರ ಇಲಾಖೆಯ ಕಚೇರಿಗೆ ಹೋಗಿ ಅಧಿಕಾರಿಯ ಕೈಗೇ ಕೊಟ್ಟು ಬಂದೆ.

ಆ ಹೆಸರು ನನ್ನ ಕೈಗೆ ಎಲ್ಲಿಂದ ಬಂತು? ಇವತ್ತಿಗೂ ತಿಳಿಯದು, ತಿಳಿದವರು ಹೇಳಿ. ಆದರೆ ದಿನಾ ಕಣ್ಣಾರೆ ಕಂಡವರ ಕೈ ಯಾಕೆ ಬರೆಯಲಿಲ್ಲ ಎಂಬ ಸಿಟ್ಟು ಅದಕ್ಕಿಂತ ದೊಡ್ಡದು.

ಅಧಿಕಾರಿಗಳು ಬಂದು ಅಜ್ಜಿಯನ್ನು ಗಂಗಾವತಿಯ ಬೇರೆ ಆಶ್ರಮಕ್ಕೆ ಸೇರಿಸಿದರು. ಆಶ್ರಮದವರು ಆಯಾಳನ್ನೂ ನನ್ನನ್ನೂ ಒಂದೇ ದಿನ ಕೆಲಸದಿಂದ ತೆಗೆದರು. ಮ್ಯಾನೇಜರ್ ಉಳಿದ. ಹೋದ ತಿಂಗಳು ಕುಷ್ಟಗಿಯಲ್ಲಿ ಇದೇ ಪಾಠ ಹೇಳಿಕೊಡಲು ಅವನನ್ನೇ ಕಳಿಸಿದ್ದರು.